ಹಂದಿಗೋಡು: ಗದ್ದೆ ಏಡಿಯಿಂದ ಸೊಂಟದ ಎಕ್ಸ್‌ರೇವರೆಗೆ

ಮಡಿಕೇರಿಯಿಂದ ಮಾತಾಡ್ತಿದ್ದೀನಿ. ಹಿಂದೆ ಟಪಟಪ ಅಂತ ಶಬ್ದ ಕೇಳಿಸಿದ್ರೆ ಅದು ಮಳೆ, ಮೈಕ್‌ನ ತೊಂದರೆ ಅಲ್ಲ. ನಮ್ಮದು ತಗಡಿನ ಶೀಟಿನ ಸ್ಟುಡಿಯೋ, ಸ್ವಲ್ಪ ಹೊಂದಿಸ್ಕೊಳ್ಳಿ.

ಇವತ್ತಿನ ಕಂತು ಮೂಳೆ ಮತ್ತು ಕೀಲಿನ ಕಾಯಿಲೆಗಳ ಬಗ್ಗೆ. ನಾನು ಬಿ.ಕಾಂ. ಮಾಡಿದವನು, ಡಾಕ್ಟರ್ ಅಲ್ಲ. ಆದ್ರೆ ಚಿಕ್ಕಮ್ಮನ ಮಗಳು ಎಂಬಿಬಿಎಸ್ ಓದ್ತಿದ್ದಾಳೆ, ಅವಳ ಮೂಳೆ ವಿಭಾಗದ ನೋಟ್ಸ್ ಕೈಗೆ ಸಿಕ್ತು. ಸವೆತದಿಂದ ಬರೋ ಆಸ್ಟಿಯೋ ಆರ್ಥ್ರೈಟಿಸ್. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ತಿರುಗಿಬೀಳೋ ರುಮಟಾಯ್ಡ್. ಯೂರಿಕ್ ಆಸಿಡ್ ಹರಳುಗಟ್ಟಿ ಕಾಲಿನ ಹೆಬ್ಬೆರಳು ಉರಿಯೋ ಗೌಟ್. ಮೂಳೆ ಟೊಳ್ಳಾಗೋ ಆಸ್ಟಿಯೋಪೊರೋಸಿಸ್. ಮಕ್ಕಳ ರಿಕೆಟ್ಸ್, ಬೆನ್ನುಮೂಳೆಯ ಟಿ.ಬಿ. ನಮ್ಮೂರಲ್ಲಿ ಇವುಗಳಲ್ಲಿ ಅರ್ಧಕ್ಕರ್ಧ ಕಾಯಿಲೆಗೆ ಒಂದೇ ಹೆಸರು: ವಾತ. ಒಂದೇ ಮದ್ದು: ಎಣ್ಣೆ ಹಚ್ಚಿ ಬಿಸಿನೀರು ಹಾಕೋದು. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಕುಡಿದ್ರೆ ವರ್ಷವಿಡೀ ಮೈಕೈ ನೋವು ಬರಲ್ಲ ಅನ್ನೋ ಅಜ್ಜಿಯರು ಇನ್ನೂ ಇದ್ದಾರೆ. ಪಾಯಸ ಮಾತ್ರ ಬಹಳ ಚೆನ್ನಾಗಿರುತ್ತೆ.

ಆ ಪಟ್ಟಿಯಲ್ಲಿ ನಾನು ಹುಡುಕಿದ್ದು ಒಂದೇ ಹೆಸರು. ಅದು ಇರಲಿಲ್ಲ. ಹಂದಿಗೋಡು.

ಹಂದಿಗೋಡು ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಒಂದು ಹಳ್ಳಿ. ಮಲೆನಾಡು, ಅಡಿಕೆ, ಭತ್ತದ ಗದ್ದೆ, ನಮ್ಮ ಹಾಗೇ ವಿಪರೀತ ಮಳೆ. 1970ರ ದಶಕದ ಮಧ್ಯದಲ್ಲಿ ಅಲ್ಲಿಯ ಕೂಲಿ ಕುಟುಂಬಗಳಲ್ಲಿ ಒಂದು ವಿಚಿತ್ರ ತೊಂದರೆ ಇರೋದು ಹೊರಗಿನವರ ಗಮನಕ್ಕೆ ಬಂತು. ಸೊಂಟದ ಕೀಲಲ್ಲಿ ನೋವು, ಆಮೇಲೆ ಮಂಡಿಯಲ್ಲಿ. ನಡಿಗೆ ಓಲಾಡುತ್ತೆ, ಕೂತವರು ಎದ್ದೇಳೋಕೆ ಆಗಲ್ಲ. ಕೆಲವರಿಗೆ ಕೋಲು ಬೇಕು, ಕೆಲವರು ನೆಲದ ಮೇಲೆ ತೆವಳಿಕೊಂಡೇ ಓಡಾಡಬೇಕು. ಇನ್ನು ಕೆಲವರು ಎತ್ತರವೇ ಬೆಳೆದಿಲ್ಲ. ಇದು ಅರವತ್ತು ದಾಟಿದ ಮೇಲೆ ಬರೋ ಮಂಡಿ ಸವೆತ ಅಲ್ಲ. ಹದಿಹರೆಯದವರಿಗೂ, ಎಳೆ ಮಕ್ಕಳಿಗೂ ಬರ್ತಿತ್ತು. ಶಿವಮೊಗ್ಗ ಜಿಲ್ಲೆ ಅಷ್ಟೇ ಅಲ್ಲ, ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಗಳಲ್ಲೂ ಸಿಕ್ತು. ಬಂದವರಲ್ಲಿ ಹೆಚ್ಚು ಕಡಿಮೆ ಎಲ್ಲರೂ ಎರಡು ದಲಿತ ಸಮುದಾಯದವರು, ಚನ್ನಂಗಿ ಮತ್ತು ಚಲವಾದಿ.

ಪತ್ರಿಕೆಗಳು ಇದನ್ನು ‘ನಿಗೂಢ ಕಾಯಿಲೆ’ ಅಂತ ಕರೆದವು. ನನಗೆ ಆ ಪದ ಹಿಡಿಸಲ್ಲ. ಓದುವವರಿಗೆ ಅದು ನಿಗೂಢ, ಸೊಂಟ ಹಿಡಿದುಕೊಂಡು ಸಸಿ ನೆಡ್ತಿದ್ದವರಿಗೆ ನೋವು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಿಂದ ತಂಡ ಬಂತು. ರಮೇಶ್ ವಿ. ಭಟ್ ಮತ್ತು ಕೆ.ಎ.ವಿ.ಆರ್. ಕೃಷ್ಣಮಾಚಾರಿ ಅನ್ನೋ ವಿಜ್ಞಾನಿಗಳು 1977ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ರು. ಅದರ ತಲೆಬರಹದಲ್ಲೇ ಮಲೆನಾಡಿನ ಈ ಸಂಧಿವಾತ ‘ಕುಟುಂಬಗಳಲ್ಲಿ ಬರುವಂಥದ್ದು’ ಅನ್ನೋ ಮಾತಿತ್ತು. ಇದನ್ನು ನೆನಪಿಟ್ಕೊಳ್ಳಿ. ಯಾಕೆಂದ್ರೆ ಜನರ ಬಾಯಲ್ಲಿ ಉಳಿದಿದ್ದು ಕುಟುಂಬದ ವಿಷಯ ಅಲ್ಲ, ಏಡಿಯ ವಿಷಯ.

ಏಡಿಯ ಕಥೆ ಹೀಗೆ. ಆಗ ಹಸಿರು ಕ್ರಾಂತಿಯ ಕಾಲ. ಹೊಸ ತಳಿಯ ಭತ್ತ ಬಂತು, ಜೊತೆಗೆ ಪ್ಯಾರಾಥಿಯಾನ್, ಎಂಡ್ರಿನ್ ಥರದ ಕೀಟನಾಶಕಗಳೂ ಗದ್ದೆಗೆ ಇಳಿದವು. ಭೂಮಿ ಇಲ್ಲದ ಕೂಲಿಗಳಿಗೆ ಮಳೆಗಾಲದಲ್ಲಿ ಪುಕ್ಕಟೆ ಸಿಗೋ ಮಾಂಸ ಅಂದ್ರೆ ಅದೇ ಗದ್ದೆಯ ಏಡಿ, ಮೀನು. ವಿಷ ಗದ್ದೆಗೆ, ಗದ್ದೆಯಿಂದ ಏಡಿಗೆ, ಏಡಿಯಿಂದ ಮನುಷ್ಯರ ಮೂಳೆಗೆ. ಕೇಳಿದ ಕೂಡಲೇ ನಂಬಿಕೆ ಬರೋ ವಾದ. ಕೊಡಗಿನವನಾಗಿ ನನಗಂತೂ ಮೈ ಜುಮ್ ಅಂತು, ನಾವೂ ಮಳೆಗಾಲದಲ್ಲಿ ಗದ್ದೆ ಬದಿಯ ಏಡಿ ಹಿಡಿದು ಸಾರು ಮಾಡೋರೇ.

ಇದು ದಡ್ಡ ಊಹೆ ಆಗಿರಲಿಲ್ಲ. ಅದೇ ಕೃಷ್ಣಮಾಚಾರಿಯವರು ಆಂಧ್ರದಲ್ಲಿ ಮಕ್ಕಳ ಮಂಡಿ ಒಳಕ್ಕೆ ಬಾಗೋದನ್ನು ಕುಡಿಯೋ ನೀರಿನ ಫ್ಲೋರೈಡ್ ಜೊತೆ ಸೇರಿಸಿ ನೋಡಿದ್ದವರು. ಪರಿಸರದಿಂದ ಮೂಳೆ ಕೆಡೋದನ್ನ ಕಣ್ಣಾರೆ ಕಂಡಿದ್ರು. ಕೋಲಾರ, ತುಮಕೂರು ಕಡೆಯವರಿಗೆ ಫ್ಲೋರೋಸಿಸ್ ಹೊಸದಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋ ಫ್ಲೋರೈಡ್, ಬೋರ್‌ವೆಲ್ ಆಳಕ್ಕೆ ಹೋದ ಹಾಗೆ ಎಷ್ಟೋ ಕಡೆ ಅದನ್ನು ದಾಟುತ್ತೆ. ಹಲ್ಲು ಕಂದು, ಬೆನ್ನು ಗಟ್ಟಿ. ಆದ್ರೆ ಒಂದು ವ್ಯತ್ಯಾಸ ಗಮನಿಸಿ. ಫ್ಲೋರೈಡ್ ಬೋರ್‌ವೆಲ್ ಜಾತಿ ನೋಡಲ್ಲ. ಆ ನೀರು ಕುಡಿದ ಎಲ್ಲ ಕೇರಿಯವರಿಗೂ ಅದು ತಾಗುತ್ತೆ. ಹಂದಿಗೋಡಿನಲ್ಲಿ ಹಾಗಿರಲಿಲ್ಲ. ಒಂದು ಮನೆಯಲ್ಲಿ ತಾಯಿಗೆ ಇದ್ರೆ ಮಗಳಿಗೆ, ಅಜ್ಜನಿಗೆ ಇದ್ರೆ ಮೊಮ್ಮಗನಿಗೆ. ನಮ್ಮ ಅಕೌಂಟ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಏಡಿ ಲೆಕ್ಕದಲ್ಲಿ ಟೋಟಲ್ ಟ್ಯಾಲಿ ಆಗ್ತಿರಲಿಲ್ಲ.

1980ರ ದಶಕದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದ್ರೆ ಐಸಿಎಂಆರ್, ದೊಡ್ಡ ಅಧ್ಯಯನಕ್ಕೆ ಕೈಹಾಕಿತು. ಎಕ್ಸ್‌ರೇ ತೆಗೆದ್ರು, ವಂಶವೃಕ್ಷ ಬರೆದ್ರು. 1994ರಲ್ಲಿ ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ಎಸ್.ಎಸ್. ಅಗರ್ವಾಲ್ ಮತ್ತು ಸಂಗಡಿಗರು ಬರೆದ ಪ್ರಬಂಧ ಹೇಳಿದ್ದು, ಇದು ಮೂಳೆಯ ಬೆಳವಣಿಗೆಯಲ್ಲೇ ಇರೋ ಆನುವಂಶಿಕ ದೋಷ ಅಂತ. ವೈದ್ಯರ ಬಾಯಲ್ಲಿ ಸ್ಪಾಂಡಿಲೋ ಎಪಿ ಮೆಟಾಫೈಸಿಯಲ್ ಡಿಸ್‌ಪ್ಲೇಸಿಯಾ. ಹೆಸರು ಉದ್ದ, ಅರ್ಥ ಸರಳ. ಸ್ಪಾಂಡಿಲೋ ಅಂದ್ರೆ ಬೆನ್ನುಮೂಳೆ. ಎಪಿಫೈಸಿಸ್ ಅಂದ್ರೆ ಉದ್ದ ಮೂಳೆಯ ತುದಿ, ಅದರ ಪಕ್ಕದ ಭಾಗ ಮೆಟಾಫೈಸಿಸ್. ತೊಡೆಮೂಳೆಯ ತುದಿಯಲ್ಲಿ ಒಂದು ದುಂಡು ಚೆಂಡು ಇರುತ್ತೆ, ಸೊಂಟದ ಬಟ್ಟಲಲ್ಲಿ ಅದು ತಿರುಗಬೇಕು. ಆ ಚೆಂಡು ದುಂಡಗೆ ಬೆಳೆಯದೆ ಚಪ್ಪಟೆ ಆದ್ರೆ? ಹೆಜ್ಜೆ ಹೆಜ್ಜೆಗೂ ಉಜ್ಜುತ್ತೆ. ಇಪ್ಪತ್ತರ ಹುಡುಗನಿಗೆ ಎಪ್ಪತ್ತರ ಅಜ್ಜನ ಸೊಂಟ.

ಇದು ಬರೋ ರೀತಿಗೆ ಆಟೋಸೋಮಲ್ ಡಾಮಿನೆಂಟ್ ಅಂತಾರೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ರೂ ಸಾಕು, ಪ್ರತಿ ಮಗುವಿಗೂ ಬರೋ ಸಾಧ್ಯತೆ ಶೇಕಡಾ 50. ಗಂಡು, ಹೆಣ್ಣು ಅನ್ನೋ ಭೇದ ಇಲ್ಲ. ಮೊದಲ ಮಗುವಿಗೆ ಬಂತು ಅಂದ ಮಾತ್ರಕ್ಕೆ ಎರಡನೇದು ಪಾರಾಯಿತು ಅಂತಲೂ ಅಲ್ಲ. ಪ್ರತಿ ಸಲ ಹೊಸದಾಗಿ ನಾಣ್ಯ ಚಿಮ್ಮಿದ ಹಾಗೆ.

ಪ್ರಪಂಚದಲ್ಲಿ ಇಂಥ ಊರುಗಳು ಇನ್ನೂ ಇವೆ. ದಕ್ಷಿಣ ಆಫ್ರಿಕಾದ ಜುಲುಲ್ಯಾಂಡಿನ ಉತ್ತರಕ್ಕೆ ಮ್ಸೆಲೆನಿ ಅಂತ ಜಾಗ. ಅಲ್ಲೂ ಸೊಂಟದ ಕೀಲು ಕೆಡೋ ಕಾಯಿಲೆ, ಅದಕ್ಕೂ ಊರಿನದೇ ಹೆಸರು. 1997ರಲ್ಲಿ ಅಗರ್ವಾಲ್ ಅವರ ತಂಡ ದಕ್ಷಿಣ ಆಫ್ರಿಕಾದ ತಜ್ಞರ ಜೊತೆ ಸೇರಿ ಎರಡು ಕಾಯಿಲೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿತು. ಸಾಗರದ ಕೂಲಿಯ ಎಕ್ಸ್‌ರೇ ಪಕ್ಕ ಜುಲು ಹೆಂಗಸಿನ ಎಕ್ಸ್‌ರೇ.

ಈಗ ನನ್ನನ್ನ ಕಾಡಿದ ವಿಷಯಕ್ಕೆ ಬರ್ತೀನಿ. ಏಡಿಯೇ ಕಾರಣ ಅಂದಾಗ ತಪ್ಪು ಗದ್ದೆಯದ್ದು, ವಿಷ ಸಿಂಪಡಿಸಿದವರದ್ದು, ಅದನ್ನ ಮಾರಿದವರದ್ದು. ಜೀನ್ ಕಾರಣ ಅಂದ ಕೂಡಲೇ ಬೆರಳು ಮನೆಯ ಒಳಕ್ಕೆ ತಿರುಗಿತು. ನಿಮ್ಮ ರಕ್ತದಲ್ಲೇ ಇದೆ, ನಿಮ್ಮವರಲ್ಲೇ ಮದುವೆ ಆಗ್ತೀರಿ, ಅದಕ್ಕೇ. ವಿಜ್ಞಾನ ಹಾಗೆ ಬೈಯಲಿಲ್ಲ, ನಿಜ. ಆದ್ರೆ ಊರಿನ ಕಿವಿಗೆ ಅದು ಹಾಗೇ ಬೀಳುತ್ತೆ. ಸಣ್ಣ ಸಮುದಾಯ, ಹೊರಗೆ ಸಂಬಂಧ ಸಿಗೋದು ಕಷ್ಟ, ಒಳಗೇ ಮದುವೆ. ಆ ಗೋಡೆ ಕಟ್ಟಿದ್ದು ಆ ಜನ ಅಲ್ಲ. ಜಾತಿಯ ಗೋಡೆ ಎಷ್ಟು ಗಟ್ಟಿ ಅಂದ್ರೆ ಒಂದು ಜೀನ್ ಕೂಡ ತಲೆಮಾರುಗಟ್ಟಲೆ ದಾಟೋಕೆ ಆಗಲಿಲ್ಲ. ಹಂದಿಗೋಡಿನ ಇತಿಹಾಸದಲ್ಲಿ ಯಾರೂ ಗಟ್ಟಿಯಾಗಿ ಹೇಳದ ಮಾತು ಇದು ಅನ್ನೋದು ನನ್ನ ಅಭಿಪ್ರಾಯ. ಒಪ್ಪದಿದ್ರೆ ಬೈದು ಮೆಸೇಜ್ ಹಾಕಿ, ಓದ್ತೀನಿ.

ಇನ್ನೊಂದು ತಪ್ಪು ತಿಳುವಳಿಕೆ: ಆನುವಂಶಿಕ ಅಂದ್ರೆ ಮಾಡೋಕೇನೂ ಇಲ್ಲ ಅಂತ. ಜೀನ್ ತಿದ್ದೋ ಔಷಧಿ ಇಲ್ಲ, ಸರಿ. ಆದ್ರೆ ತೀರಾ ಕೆಟ್ಟ ಸೊಂಟದ ಕೀಲನ್ನು ಆಪರೇಷನ್ ಮಾಡಿ ಬದಲಿಸಬಹುದು. ಫಿಸಿಯೋಥೆರಪಿ ಇದೆ, ನೋವಿಗೆ ಮಾತ್ರೆ ಇದೆ. ಮದುವೆ, ಮಕ್ಕಳ ಬಗ್ಗೆ ಕೂತು ಮಾತಾಡೋ ಜೆನೆಟಿಕ್ ಕೌನ್ಸೆಲಿಂಗ್ ಇದೆ. ಇವೆಲ್ಲ ಇರೋದು ದೊಡ್ಡ ಊರುಗಳಲ್ಲಿ. ನಡೆಯೋಕೇ ಆಗದವರು ಬಸ್ ಹತ್ತಿ ಅಲ್ಲಿಗೆ ಹೋಗಬೇಕು, ಹೋದ ದಿನದ ಕೂಲಿ ಬಿಡಬೇಕು, ಜೊತೆಗೆ ಬಂದವರ ಕೂಲಿಯೂ ಹೋಗುತ್ತೆ.

ಮೆಡಿಕಲ್ ಓದ್ತಿರೋ ಕೇಳುಗರಿಗೆ ಒಂದು ಮಾತು. ಮಡಿಕೇರಿಯ ನಮ್ಮ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಗಿದ್ದು 2016ರಲ್ಲಿ, ಅಲ್ಲಿಯವರೂ ಈ ಪಾಡ್‌ಕಾಸ್ಟ್ ಕೇಳ್ತೀರಿ ಅಂತ ಗೊತ್ತು. ಹದಿನೈದರ ಹುಡುಗಿ ಸೊಂಟ ನೋವು ಅಂತ ಬಂದ್ರೆ ‘ಭಾರ ಹೊತ್ತಿರ್ತಾಳೆ’ ಅಂತ ಕಳಿಸಬೇಡಿ. ಅಪ್ಪ, ಅಮ್ಮ, ಅಜ್ಜಿ ಹೇಗೆ ನಡೀತಾರೆ ಅಂತ ಒಂದು ಸಲ ಕೇಳಿ.

ಕೊನೆಗೆ ಹೆಸರಿನ ವಿಷಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರು ಮಂಗನ ಕಾಯಿಲೆಗೆ ಅಂಟಿಕೊಂಡಿತು. ಪಕ್ಕದ ಸಾಗರದ ಹಂದಿಗೋಡಿನ ಹೆಸರು ಕೀಲಿನ ಕಾಯಿಲೆಗೆ. ಹೊಸ ಕಾಯಿಲೆಗಳಿಗೆ ಊರಿನ ಹೆಸರು ಇಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಹಳೇ ಹೆಸರುಗಳು ಹಾಗೇ ಉಳಿದವು. ಹಂದಿಗೋಡಿನ ಹುಡುಗರು ಇವತ್ತು ಮೊಬೈಲಲ್ಲಿ ತಮ್ಮ ಊರಿನ ಹೆಸರು ಟೈಪ್ ಮಾಡಿದ್ರೆ, ಊರಿನ ಜೊತೆಗೇ ಆ ಕಾಯಿಲೆಯೂ ಬರುತ್ತೆ.