ತೆರಿಗೆ ಕಾಯ್ದೆ ಒಪ್ಪದ ಶಾಲೆ: ಬಾಗಲಕೋಟೆ ಸೀಮೆಯ ವರದಿಗಾರರೂ ಅವರ ಮೆಚ್ಚಿನ ಮಾಸಿಕಗಳೂ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಹಿರಿಯ ವರದಿಗಾರರ ಮನೆಗಳಲ್ಲಿ ಹಳೆಯ ದಿನಪತ್ರಿಕೆಗಳು ಸಿಗುವುದು ಅಪರೂಪ. ತಾವೇ ಬರೆದ ಸುದ್ದಿಯ ಒಂದಷ್ಟು ಕತ್ತರಿಕೆಗಳು ಫೈಲಿನಲ್ಲಿರುತ್ತವೆ, ಅಷ್ಟೆ. ‘ಕಸ್ತೂರಿ’ಯ ಸಂಚಿಕೆಗಳನ್ನು ಮಾತ್ರ ವರ್ಷವಾರು ಹೊಲಿಸಿ, ರಟ್ಟು ಹಾಕಿಸಿ ಇಟ್ಟವರನ್ನು ಕಂಡಿದ್ದೇನೆ. ಹೆಸರು ತಂದುಕೊಟ್ಟದ್ದು ದಿನಪತ್ರಿಕೆ, ಜೋಪಾನವಾಗಿ ಉಳಿದದ್ದು ಮಾಸಿಕ. ಬರೀ ಓದಿನ ರುಚಿ ಇದಕ್ಕೆ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಕೆಲಸ ಕಲಿಸಿದವರ ಮೇಲೆ ಇರುವ ಋಣಭಾವ ಇದು.

‘ಕಲಿಸುವುದು’ ಎಂಬ ಮಾತನ್ನು ಇಲ್ಲಿ ತೂಗಿ ಬಳಸಬೇಕು. ಇದೇ ಮಾತು ಒಮ್ಮೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ‘ಸಂಯುಕ್ತ ಕರ್ನಾಟಕ’, ‘ಕರ್ಮವೀರ’, ‘ಕಸ್ತೂರಿ’ಗಳನ್ನು ಹೊರತರುತ್ತಿದ್ದ ಹುಬ್ಬಳ್ಳಿಯ ಲೋಕ ಶಿಕ್ಷಣ ಟ್ರಸ್ಟ್ ತನ್ನ ಉದ್ದೇಶ ಶಿಕ್ಷಣ, ಆದ್ದರಿಂದ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಲ್ಲಬೇಕು ಎಂದು ವಾದಿಸಿತ್ತು. 1975ರ ತೀರ್ಪು ಅದನ್ನು ಒಪ್ಪಲಿಲ್ಲ. ಪತ್ರಿಕೆ ಓದಿದರೂ, ದೇಶ ಸುತ್ತಿದರೂ ಅರಿವು ಬೆಳೆಯುತ್ತದೆ ನಿಜ. ಆದರೆ ಕಾಯ್ದೆ ಹೇಳುವ ಶಿಕ್ಷಣವೆಂದರೆ ಕ್ರಮಬದ್ಧವಾದ ಬೋಧನೆ, ತರಬೇತಿ ಎಂಬುದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರ ವಿವರಣೆ. ಕಾಯ್ದೆಯ ಅರ್ಥ ಅದೇ ಇರಲಿ. ಈ ನಾಲ್ಕು ಊರುಗಳ ವರದಿಗಾರರ ಮಟ್ಟಿಗೆ ಮಾಸಿಕದ ಓದು ಕ್ರಮಬದ್ಧ ತರಬೇತಿಯೇ ಆಗಿತ್ತು ಎನ್ನುವುದು ನನ್ನ ವಾದ.

ಆಗಿನ ತಾಲ್ಲೂಕು ವರದಿಗಾರ ಪತ್ರಿಕೋದ್ಯಮ ಓದಿ ಬಂದವನಲ್ಲ. ಮಾಸ್ತರಿಕೆಯೋ ಅಂಗಡಿಯೋ ಪತ್ರಿಕೆಯ ಏಜೆನ್ಸಿಯೋ ಅವನ ಜೀವನಕ್ಕೆ ಆಧಾರ. ಸುದ್ದಿ ಬರೆದು, ಕವರಿನಲ್ಲಿ ಹಾಕಿ, ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಅವನ ಕೆಲಸ ಮುಗಿಯಿತು. ಹುನಗುಂದ, ಇಳಕಲ್ಲಿಗೆ ರೈಲೂ ಇಲ್ಲ. ಬಸ್ ತಪ್ಪಿದರೆ ಸುದ್ದಿಯೂ ತಪ್ಪಿತು. ಮರುದಿನ ಅಚ್ಚಾದದ್ದನ್ನು ನೋಡಿದರೆ ಇಪ್ಪತ್ತು ಸಾಲಿನಲ್ಲಿ ಆರು ಉಳಿದಿರುತ್ತಿತ್ತು. ಯಾವುದನ್ನು ಯಾಕೆ ತೆಗೆದರು ಎಂದು ಹೇಳುವವರು ಯಾರೂ ಇರಲಿಲ್ಲ.

ಅದನ್ನು ಹೇಳಿಕೊಟ್ಟದ್ದು ‘ಕಸ್ತೂರಿ’. 1956ರಲ್ಲಿ ಶುರುವಾದ ಈ ಮಾಸಿಕವನ್ನು ಉಡುಪಿ ಕಡೆಯಿಂದ ಹುಬ್ಬಳ್ಳಿಗೆ ಬಂದ ಪಾಡಿಗಾರು ವೆಂಕಟರಮಣ ಆಚಾರ್ಯರು, ಅಂದರೆ ಪಾ.ವೆಂ., ಕಟ್ಟಿ ಬೆಳೆಸಿದರು. ‘ರೀಡರ್ಸ್ ಡೈಜೆಸ್ಟ್’ನ ಮಾದರಿ ಎದುರಿಗಿತ್ತು, ಕನ್ನಡ ಮಾತ್ರ ಅವರದೇ. ಇಡೀ ಪುಸ್ತಕವನ್ನು ಹತ್ತಾರು ಪುಟಗಳಿಗೆ ಇಳಿಸಿ ಕೊಡುವ ಪುಸ್ತಕ ವಿಭಾಗ ಅದರ ಹೆಗ್ಗುರುತು. ಆರು ಸಾಲಿಗೆ ಕತ್ತರಿಸಿಕೊಂಡ ವರದಿಗಾರ ಇಲ್ಲಿ ಬೇರೆ ಬಗೆಯ ಸಂಕ್ಷೇಪವನ್ನು ಕಂಡ: ತೂಕ ಕಳೆದರೂ ಜೀವ ಹೋಗದ ಸಂಕ್ಷೇಪ. ಶಬ್ದಗಳ ಹುಟ್ಟನ್ನು ಹುಡುಕಿದ ಪಾ.ವೆಂ. ಬರಹಗಳು ‘ಪದಾರ್ಥ ಚಿಂತಾಮಣಿ’ಯಾಗಿ ಪುಸ್ತಕರೂಪಕ್ಕೂ ಬಂದವು. ಅದೇ ಸಂಪಾದಕ ‘ಲಾಂಗೂಲಾಚಾರ್ಯ’ ಎಂಬ ಹೆಸರಿನಲ್ಲಿ ಹರಟೆಯನ್ನೂ ಬರೆದರು. ಒಂದೇ ಕೈ ಇಷ್ಟು ಬಗೆಯಲ್ಲಿ ಬರೆಯಬಲ್ಲದು ಎಂಬುದೇ ಕಲಿಯುವವನಿಗೆ ಒಂದು ಪಾಠ.

ಮೆಚ್ಚುಗೆಗೆ ಇನ್ನೊಂದು ಕಾರಣ ಅಳತೆ. ಬಾದಾಮಿಯ ಬನಶಂಕರಿ ಜಾತ್ರೆಯನ್ನೇ ನೋಡಿ. ಬನದ ಹುಣ್ಣಿಮೆಗೆ ರಥ ಎಳೆದದ್ದು ದಿನಪತ್ರಿಕೆಗೆ ಒಂದು ಫೋಟೊ, ಎರಡು ಕಾಲಂ. ದೇವಿಗೆ 108 ಬಗೆಯ ಪಲ್ಯ ಅರ್ಪಿಸುವ ಪಲ್ಲೇದ ಹಬ್ಬವನ್ನೂ, ವಾರಗಟ್ಟಲೆ ಬೀಡುಬಿಟ್ಟ ನಾಟಕ ಕಂಪನಿಗಳ ರಾತ್ರಿಗಳನ್ನೂ ಆ ಜಾಗದಲ್ಲಿ ಹಿಡಿಸಲಾಗದು. ಇಳಕಲ್ಲಿನ ಸೀರೆಯದೂ ಇದೇ ಕತೆ. ನೂಲಿನ ದರ ಏರಿದರೆ, ನೇಕಾರರು ಮನವಿ ಕೊಟ್ಟರೆ ಸುದ್ದಿ. ಆದರೆ ಆ ಸೀರೆ ನಿಂತಿರುವುದೇ ಒಂದು ಕೊಂಡಿಯ ಮೇಲೆ. ಮೈಯ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದರೊಳಗೊಂದು ಸಿಕ್ಕಿಸಿ ಕೂಡಿಸಿದ ಮೇಲೆಯೇ ನೇಯ್ಗೆ ಮುಂದುವರಿಯುತ್ತದೆ. ಪ್ರತಿ ಸೀರೆಗೂ ಈ ಕೂಡಿಕೆ ಹೊಸದಾಗಿ ಆಗಬೇಕು. ದಿನಕ್ಕೆ ಕೈಗೆ ಎಷ್ಟು ಕೂಲಿ ಬಿತ್ತು ಎಂಬುದರ ಅರ್ಥ ಈ ಕೊಂಡಿ ತಿಳಿದವರಿಗಷ್ಟೇ ಆಗುತ್ತದೆ. ಅದನ್ನು ಬಿಡಿಸಿ ಹೇಳಲು ಎರಡು ಪುಟ ಬೇಕು. ಎರಡು ಪುಟ ಕೊಡುತ್ತಿದ್ದುದು ‘ಕರ್ಮವೀರ’, ‘ಸುಧಾ’, ‘ಕಸ್ತೂರಿ’ಯಂಥವು. ತನಗೆ ಗೊತ್ತಿದ್ದೂ ಬರೆಯಲಾಗದೆ ಉಳಿದದ್ದನ್ನು ವರದಿಗಾರ ಅಲ್ಲಿ ಓದಿದ, ಕೆಲವೊಮ್ಮೆ ತಾನೂ ಬರೆದು ಕಳಿಸಿದ.

ಈ ನಂಟು ‘ಕಸ್ತೂರಿ’ಗಿಂತ ಹಳೆಯದು. ಬಾಗಲಕೋಟೆಯಲ್ಲಿ ವಕೀಲಿ ಮಾಡಿಕೊಂಡಿದ್ದ ಕೆರೂರು ವಾಸುದೇವಾಚಾರ್ಯರು (1866–1921) ಕಾದಂಬರಿ, ನಾಟಕಗಳ ಜೊತೆಗೆ ‘ಶುಭೋದಯ’ ವಾರಪತ್ರಿಕೆಯನ್ನೂ ‘ಸಚಿತ್ರ ಭಾರತ’ ಮಾಸಿಕವನ್ನೂ ನಡೆಸಿದವರು. ವಿಜಾಪುರದ ಫ.ಗು. ಹಳಕಟ್ಟಿಯವರೂ ವಕೀಲರೇ, 1926ರಲ್ಲಿ ‘ಶಿವಾನುಭವ’ವನ್ನು ಶುರುಮಾಡಿ, ತಾಡೋಲೆಗಳಲ್ಲಿದ್ದ ವಚನಗಳನ್ನು ಸಂಚಿಕೆಯಿಂದ ಸಂಚಿಕೆಗೆ ಅಚ್ಚಿಗೆ ತಂದರು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಈ ನಾಲ್ಕೂ ಊರಿಗೆ ವಿಜಾಪುರವೇ ಜಿಲ್ಲಾ ಕೇಂದ್ರ. ಬಸವಣ್ಣನವರ ಕೂಡಲಸಂಗಮವಿರುವುದು ಹುನಗುಂದ ತಾಲ್ಲೂಕಿನಲ್ಲಿ. ಹಾಗಾಗಿ ‘ಶಿವಾನುಭವ’ ಇಲ್ಲಿಯವರಿಗೆ ಮನೆಯ ಪತ್ರಿಕೆ. ಹೊಟ್ಟೆಪಾಡಿಗೆ ಒಂದು ಕಸುಬು, ಜೀವ ತೇದದ್ದು ಪತ್ರಿಕೆಗೆ: ಈ ಸಂಪಾದಕರ ಬದುಕಿನಲ್ಲಿ ತಾಲ್ಲೂಕು ವರದಿಗಾರ ತನ್ನ ಬದುಕನ್ನೇ ಕಂಡಿರಬೇಕು. ಮೆಚ್ಚುಗೆಯ ಬೇರು ಬಹುಶಃ ಇಲ್ಲಿಯೇ ಹೆಚ್ಚು ಆಳ.

ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಗೆ ಬಂದಾಗ ಎಷ್ಟೋ ಮನೆಗಳು ನವನಗರಕ್ಕೆ ಬಂದವು. ಹಾಗೆ ಬಂದ ಮನೆಯೊಂದರಲ್ಲಿ ‘ಕಸ್ತೂರಿ’ಯ ಒಂದು ವರ್ಷದ ಕಟ್ಟನ್ನು ಬಿಚ್ಚಿ ನೋಡಿದೆ. ಪುಸ್ತಕ ವಿಭಾಗದ ಅಂಚಿನ ತುಂಬ ಕೆಂಪು ಶಾಯಿಯ ಗೆರೆಗಳು. ಕತೆಯ ತಿರುವುಗಳಿಗೆ ಗೆರೆ ಬಿದ್ದಿರಲಿಲ್ಲ. ಒಂದು ಪ್ರಸಂಗ ಮುಗಿದು ಇನ್ನೊಂದು ಶುರುವಾಗುವ ಕಡೆ, ನಡುವೆ ಬಿಟ್ಟುಹೋದದ್ದನ್ನು ದಾಟಿಸುವ ಆ ಒಂದೊಂದು ವಾಕ್ಯದ ಕೆಳಗೆ ಮಾತ್ರ ಬಿದ್ದಿದ್ದವು.