ಕಿರುಗುಡಿಗಳು ಮತ್ತು ದೇವಾಲಯದ ಮಾದರಿಗಳು: ಅವುಗಳ ರಕ್ಷಣೆಯ ವಿಚಾರ

ಕಟ್ಟಡಕ್ಕೆ ಮುನ್ನ ಅದರ ಮಾದರಿ ಇರಬೇಕೆಂಬ ಭಾವನೆ ಅತಿ ಪುರಾತನವಾದುದು. ಸರ್ವೇಶ್ವರನು ಮೋಶೆಗೆ ಬೆಟ್ಟದ ಮೇಲೆ ದೇವದರ್ಶನದ ಗುಡಾರದ ಮಾದರಿಯನ್ನು ತೋರಿಸಿದುದನ್ನೂ, ದಾವೀದನು ಮಗನಾದ ಸೊಲೊಮೋನನಿಗೆ ಮಹಾದೇವಾಲಯದ ನಕ್ಷೆಯನ್ನು ಒಪ್ಪಿಸಿದುದನ್ನೂ ನಮ್ಮ ವಾಚಕರು ಪವಿತ್ರ ಗ್ರಂಥದಲ್ಲಿ ಓದಿರುತ್ತಾರೆ. ಶತಮಾನೋತ್ಸವದ ಸಂಚಿಕೆಯಲ್ಲಿ ಕಟ್ಟಡದ ಚರಿತ್ರೆಯನ್ನು ಬರೆಯುವುದು ವಾಡಿಕೆ. ನಾವಾದರೋ ಕಟ್ಟಡದ ನೆರಳಿನಲ್ಲಿ ಮರೆತುಹೋಗುವ ಮಾದರಿಗಳನ್ನು ಕುರಿತು ನಾಲ್ಕು ಮಾತು ಬರೆಯಲು ಹೊರಟಿದ್ದೇವೆ. ಇದಕ್ಕೆ ದೂರ ಹೋಗಬೇಕಾಗಿಲ್ಲ.

ಗದಗಿನಿಂದ ಪೂರ್ವಕ್ಕೆ ಸುಮಾರು 12 ಕಿಲೋಮೀಟರ್ ದೂರದಲ್ಲಿ ಲಕ್ಕುಂಡಿ ಇದೆ. ದಾನಚಿಂತಾಮಣಿ ಅತ್ತಿಮಬ್ಬೆಯು 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಊರು ಇದೇ. ಅಲ್ಲಿಯ ಕಾಶಿವಿಶ್ವೇಶ್ವರ ಗುಡಿಯಲ್ಲಿ ಶಿವನ ಗರ್ಭಗೃಹಕ್ಕೆ ಎದುರಾಗಿ ಸೂರ್ಯನ ಚಿಕ್ಕ ಗುಡಿಯಿದೆ. ಅದರ ಹೊರಗೋಡೆಯನ್ನು ನಿಧಾನವಾಗಿ ನೋಡಿದವರಿಗೆ ಒಂದು ವಿಶೇಷ ಕಂಡೀತು. ಅರೆಗಂಬಗಳ ಮೇಲೆಯೂ ಗೂಡುಗಳ ಮೇಲೆಯೂ ಗೇಣೆತ್ತರದ, ಮೊಳದೆತ್ತರದ ಗುಡಿಗಳನ್ನು ಶಿಲ್ಪಿಗಳು ಕಡೆದಿದ್ದಾರೆ. ಅವಕ್ಕೆ ಅಧಿಷ್ಠಾನವುಂಟು, ಕಂಬಗಳುಂಟು, ಅಂತಸ್ತುಗಳುಂಟು, ಶಿಖರವುಂಟು. ಕೆಲವು ನಮ್ಮ ದ್ರಾವಿಡ ಪದ್ಧತಿಯವು. ಕೆಲವು ಉತ್ತರದೇಶದ ನಾಗರ ಪದ್ಧತಿಯವು. ನಾಗರ ಶಿಖರವನ್ನು ನಿಜವಾಗಿ ಎತ್ತದ ಗುಡಿಯ ಗೋಡೆಯಲ್ಲಿಯೇ ಅದರ ಮಾದರಿಯನ್ನು ಕಡೆದಿಟ್ಟುದು ಸೋಜಿಗದ ಸಂಗತಿ. ಹೊರನಾಡಿನ ವಾಸ್ತುವನ್ನು ನಮ್ಮ ಆಚಾರಿಗಳು ಎಷ್ಟು ಬಲ್ಲವರಾಗಿದ್ದರೆಂಬುದಕ್ಕೆ ಈ ಕಲ್ಲುಗಳೇ ಸಾಕ್ಷಿ.

ಹೆನ್ರಿ ಕಸಿನ್ಸ್ 1926ರಲ್ಲಿ ಪ್ರಕಟಿಸಿದ ಚಾಲುಕ್ಯ ವಾಸ್ತುವಿನ ಗ್ರಂಥದಲ್ಲಿ ಈ ಗುಡಿಗಳನ್ನು ವಿವರವಾಗಿ ವರ್ಣಿಸಿದನು. ಡಚ್ ವಿದ್ವಾಂಸ ಗೆರಾರ್ಡ್ ಫೂಕೆಮಾ ಕನ್ನಡನಾಡಿನ ಗುಡಿಗಳ ಅಲಂಕಾರವಾಗಿರುವ ಈ ಕಿರುವಾಸ್ತುವನ್ನೇ ವಿಷಯವಾಗಿರಿಸಿಕೊಂಡು 2003ರಲ್ಲಿ ಒಂದು ಪುಸ್ತಕವನ್ನು ಹೊರತಂದನು. ಇವನ್ನು ಅಳತೆಗೆ ಇಳಿಸಿದ ಕರಾರುವಾಕ್ಕಾದ ಪ್ರತಿಕೃತಿಗಳೆಂದು ತಿಳಿಯಲಾಗದು. ಶಿಲ್ಪಿಯು ಕೆಲವನ್ನು ಹಿಗ್ಗಿಸಿ ಕೆಲವನ್ನು ಕುಗ್ಗಿಸಿದ್ದಾನೆ. ಆದರೂ ಶಿಖರದ ತುದಿ ಉದುರಿಹೋದ ಗುಡಿಗಳು ನಮ್ಮ ಸೀಮೆಯಲ್ಲಿ ಕಡಿಮೆಯಿಲ್ಲ. ಅಂಥಲ್ಲಿ ಕಳಸದ ಕೆಳಗೆ ಏನಿತ್ತೆಂದು ಕೇಳಬೇಕಾದರೆ ಗೋಡೆಯ ಕಿರುಗುಡಿಯನ್ನೇ ಕೇಳಬೇಕು.

ಗದಗಿನ ತ್ರಿಕೂಟೇಶ್ವರ, ಲಕ್ಷ್ಮೇಶ್ವರದ ಸೋಮೇಶ್ವರ, ಮುಂಡರಗಿ ತಾಲೂಕಿನ ಡಂಬಳದಲ್ಲಿ ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರಾಕಾರದ ದೊಡ್ಡಬಸಪ್ಪ, ಇವೆಲ್ಲ ಅದೇ ಕಲಾಪರಂಪರೆಯ ಕೂಸುಗಳು. ಲಕ್ಕುಂಡಿ, ಡಂಬಳಗಳಲ್ಲಿ ಬಳಸಿದ ಬಳಪದ ಕಲ್ಲು ಮೆದು. ಮರವನ್ನು ಕೆತ್ತಿದಂತೆ ಕೆತ್ತಲು ಬಂದಿತು. ಆ ಮೆದುತನವೇ ಅದಕ್ಕೆ ಕಂಟಕವೂ ಆಗಿದೆ. ಭಕ್ತಿಯಿಂದ ವರ್ಷವರ್ಷವೂ ಬಳಿದ ಸುಣ್ಣವು ಎರಡು ಬೆರಳಗಲದ ಶಿಖರದಲ್ಲಿ ಅಂತಸ್ತುಗಳನ್ನೆಲ್ಲ ಮುಚ್ಚಿ ಅದನ್ನು ಬೆಲ್ಲದ ಅಚ್ಚಿನಂತೆ ಮಾಡಿಬಿಡುತ್ತದೆ. ಅದನ್ನು ತೆಗೆಯಲು ಉಳಿಯನ್ನೋ ಕಬ್ಬಿಣದ ತಂತಿಯ ಕುಂಚವನ್ನೋ ಹಿಡಿದವನು ಸುಣ್ಣದೊಡನೆ ಶಿಲ್ಪವನ್ನೂ ಕೆರೆದುಹಾಕುತ್ತಾನೆ. ನೀರಿನಿಂದ ನೆನೆಸಿ, ಮೆತ್ತಗಾದ ಮೇಲೆ ಬಿದಿರಿನ ಕಡ್ಡಿಯಿಂದ ಪದರಪದರವಾಗಿ ಬಿಡಿಸಬೇಕು. ಒಂದು ಗೂಡಿಗೆ ದಿನಗಳೇ ಹಿಡಿದಾವು. ಸಂದುಗಳಿಗೆ ಸಿಮೆಂಟು ತುಂಬುವುದು ಇನ್ನೊಂದು ಅಪಚಾರ; ಅದರ ಲವಣವು ಕಲ್ಲಿಗೆ ಇಳಿದು ಮೇಲ್ಮೈಯನ್ನು ಹುಡಿಮಾಡುತ್ತದೆ. ಮುರಿದ ಶಿಲ್ಪವನ್ನು ಹೊಸದಾಗಿ ಕಡೆದು ಕೂಡಿಸಬಾರದೆಂಬ ಎಚ್ಚರಿಕೆ ಜಾನ್ ಮಾರ್ಷಲ್ 1923ರಲ್ಲಿ ಬರೆದ ಕೈಪಿಡಿಯಲ್ಲಿಯೇ ಇದೆ. ಹೊಸದು ಹಳೆಯದರಿಂದ ಬೇರೆಯಾಗಿ ಕಾಣಬೇಕೆಂದು 1964ರ ವೆನಿಸ್ ಸನ್ನದು ವಿಧಿಸಿತು.

ಇನ್ನು ನಮ್ಮ ಧರ್ಮಸಭೆಯ ಚರಿತ್ರೆಗೆ ಬರೋಣ. ರೋಮಿನ ಸಂತ ಪೇತ್ರರ ಮಹಾದೇವಾಲಯಕ್ಕಾಗಿ ಆಂಟೋನಿಯೊ ದ ಸಂಗಾಲ್ಲೊ 1539ರಿಂದ 1546ರವರೆಗೆ ಏಳು ಮೀಟರಿಗೂ ಮಿಕ್ಕ ಉದ್ದದ ಮರದ ಮಾದರಿಯನ್ನು ಮಾಡಿಸಿದನು. ಆ ವರ್ಷವೇ ಅವನು ತೀರಿಕೊಂಡನು. ಅವನ ತರುವಾಯ ಬಂದ ಮೈಕೆಲೇಂಜೆಲೊ ಆ ನಕ್ಷೆಯನ್ನು ತಳ್ಳಿಹಾಕಿದನು. ಕಟ್ಟಲ್ಪಡದ ಆ ದೇವಾಲಯ ಇಂದಿಗೂ ಮರದಲ್ಲಿ ಉಳಿದಿದೆ. ಮೈಕೆಲೇಂಜೆಲೊ 1558ರಿಂದ 1561ರ ಅವಧಿಯಲ್ಲಿ ತನ್ನ ಗುಮ್ಮಟಕ್ಕೂ ಒಂದು ಮಾದರಿಯನ್ನು ಮಾಡಿಸಿದನು. 1590ರಲ್ಲಿ ಗುಮ್ಮಟವನ್ನು ಪೂರೈಸಿದ ಜಾಕೊಮೊ ದೆಲ್ಲ ಪೋರ್ತ ಅದರ ಹೊರಕವಚವನ್ನು ಬದಲಿಸಿದನೆಂದು ವಿದ್ವಾಂಸರು ಹೇಳುತ್ತಾರೆ. ಇಲ್ಲಿ ದುರಸ್ತಿ ಮಾಡುವವನಿಗೆ ಧರ್ಮಸಂಕಟ. ಗುರುವಿನ ಕೈಯನ್ನು ಕಾಣಲು ಶಿಷ್ಯನ ಕೈಯನ್ನು ಕಿತ್ತುಹಾಕಬಹುದೆ? ಕೂಡದೆಂದೇ ನಮ್ಮ ಅಭಿಪ್ರಾಯ. ಲಕ್ಕುಂಡಿಯ ಗೋಡೆಗೆ ಸುಣ್ಣ ಬಳಿದವನು ಶಿಲ್ಪವನ್ನು ಮರೆಮಾಡಿದನು. ದೆಲ್ಲ ಪೋರ್ತನು ಕಟ್ಟಡದ ಯೋಚನೆಯನ್ನೇ ಮುಂದುವರಿಸಿದನು. ಒಂದನ್ನು ತೆಗೆಯಬೇಕು, ಇನ್ನೊಂದನ್ನು ಕಾಯಬೇಕು.

ನಮ್ಮ ಧರ್ಮಕೇಂದ್ರಗಳಲ್ಲಿಯೂ ಚಂದಾ ಎತ್ತುವ ಕಾಲಕ್ಕೆ ಬಡಗಿಯಿಂದ ಮಾಡಿಸಿದ ದೇವಾಲಯದ ಮಾದರಿಗಳು ಪೂಜಾವಸ್ತ್ರಗಳ ಕೋಣೆಯ ಅಟ್ಟದ ಮೇಲೆ ಬಿದ್ದಿರುವುದುಂಟು. ಕ್ರಿಸ್ತಜಯಂತಿಗೆ ಗೋದಲಿಯ ಪಕ್ಕದಲ್ಲಿ ಇಟ್ಟು ಮತ್ತೆ ಮೇಲಕ್ಕೆಸೆಯುತ್ತೇವೆ. ಹಳೆಯ ದೇವಾಲಯವನ್ನು ಕೆಡವಿ ದೊಡ್ಡದನ್ನು ಕಟ್ಟಿದ ಊರುಗಳಲ್ಲಿ ಮೊದಲಿನ ಕಟ್ಟಡದ ಗುರುತು ಅದೊಂದೇ ಇದ್ದೀತು. ಉತ್ಸವ ಬಂದಿತೆಂದು ಅದಕ್ಕೆ ಹೊಳೆಯುವ ಹೊಸ ಬಣ್ಣ ಬಳಿಯುವ ಉತ್ಸಾಹವನ್ನು ಹಿರಿಯರು ತಡೆಯಬೇಕು. ಮೊದಲು ಎಲ್ಲ ಕಡೆಯಿಂದಲೂ ಛಾಯಾಚಿತ್ರ ತೆಗೆದು ಅಳತೆ ಬರೆದಿಡುವುದು. ಮೆತ್ತನೆಯ ಕುಂಚದಿಂದ ಧೂಳು ತೆಗೆಯುವುದು. ಗೆದ್ದಲೂ ಕುಟ್ಟೆಹುಳುವೂ ತಗುಲದಂತೆ ತೇವದ ಗೋಡೆಯಿಂದ ದೂರ, ಬಿಸಿಲು ಬೀಳದ ಕಡೆ ಇರಿಸುವುದು. ಗಂಟೆಗೋಪುರ ಮುರಿದಿದ್ದರೆ ಆ ತುಂಡುಗಳನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ, ಯಾವುದರದೆಂದು ಚೀಟಿ ಕಟ್ಟಿ, ಬಲ್ಲ ಬಡಗಿ ಸಿಗುವವರೆಗೆ ಮಾದರಿಯ ಮಗ್ಗುಲಲ್ಲಿಯೇ ಇಟ್ಟಿರಬೇಕು.