ವಿಕೆಟ್ ಕೀಪರನ ಕೈಯೂ ಬ್ಯಾಟೂ

ಕ್ರಿಕೆಟ್ ಆಟದಲ್ಲಿ ಬೋಲರನು ಎಸೆಯುವ ಪ್ರತಿಯೊಂದು ಚೆಂಡಿಗೂ ಕಾದು ಕುಳಿತಿರಬೇಕಾದವನು ವಿಕೆಟ್ ಕೀಪರನೊಬ್ಬನೇ. ಆತನು ಹಿಡಿದ ಕ್ಯಾಚುಗಳೂ ಮಾಡಿದ ಸ್ಟಂಪಿಂಗುಗಳೂ ಲೆಕ್ಕದ ಪುಸ್ತಕವನ್ನು ಸೇರುತ್ತವೆ. ಕೈತಪ್ಪಿ ಹೋದವುಗಳಿಗೆ ಅಲ್ಲಿ ಸ್ಥಳವಿಲ್ಲ. ಬ್ಯಾಟಿನಿಂದ ಬಂದ ರನ್ನುಗಳಾದರೋ ಒಂದನ್ನೂ ಬಿಡದೆ ಬರೆಯಲ್ಪಡುತ್ತವೆ. ಕೀಪರನನ್ನು ಕೈಚಳಕಕ್ಕಾಗಿ ಆರಿಸಬೇಕೋ ಬ್ಯಾಟಿಂಗಿಗಾಗಿ ಆರಿಸಬೇಕೋ ಎಂಬ ವಾದದಲ್ಲಿ ಬ್ಯಾಟಿನ ಪಕ್ಷವೇ ಕ್ರಮೇಣ ಮೇಲುಗೈ ಪಡೆದುದಕ್ಕೆ ಈ ಬರವಣಿಗೆಯ ಪಕ್ಷಪಾತವೂ ಒಂದು ಕಾರಣವೆನ್ನಬಹುದು.

ಕೀಪರನ ಆಯ್ಕೆಯನ್ನು ಕುರಿತ ಕಲಹವು ಟೆಸ್ಟ್ ಪಂದ್ಯಗಳಷ್ಟೇ ಹಳೆಯದು. 1877ನೆಯ ಮಾರ್ಚ್ ತಿಂಗಳಲ್ಲಿ ಮೆಲ್ಬರ್ನ್ ನಗರದಲ್ಲಿ ಮೊದಲನೆಯ ಟೆಸ್ಟ್ ನಡೆಯಲಿದ್ದಾಗ, ನ್ಯೂ ಸೌತ್ ವೇಲ್ಸಿನ ವೇಗದ ಬೋಲರ್ ಸ್ಪಾಫರ್ತನು ತನ್ನ ಪ್ರಾಂತದವನೇ ಆದ ಮರ್ಡಾಕನು ಕೀಪರನಾಗಿರದಿದ್ದರೆ ತಾನು ಆಡಲೊಲ್ಲೆನೆಂದು ಹಟಹಿಡಿದನು. ಆಯ್ಕೆಗಾರರು ವಿಕ್ಟೋರಿಯಾದ ಬ್ಲ್ಯಾಕ್‌ಹ್ಯಾಮನನ್ನೇ ಆರಿಸಿದರು. ಸ್ಪಾಫರ್ತನು ನುಡಿದಂತೆಯೇ ಹೊರಗುಳಿದನು. ಅದೇ ಮೈದಾನದಲ್ಲಿ ಎರಡನೆಯ ಟೆಸ್ಟ್ ನಡೆದಾಗ ಮರ್ಡಾಕನೂ ತಂಡದಲ್ಲಿದ್ದನು, ಸ್ಪಾಫರ್ತನೂ ಬಂದನು. ಆದರೆ ಕೀಪರನು ಬ್ಲ್ಯಾಕ್‌ಹ್ಯಾಮನೇ. ಇಂಗ್ಲೆಂಡಿನ ಆಲ್ಫ್ರೆಡ್ ಷಾ ಎಂಬವನನ್ನು ಆತನು ಸ್ಟಂಪ್ ಮಾಡಿದುದು ಬೇರೆ ಯಾರ ಚೆಂಡಿನಲ್ಲಿಯೂ ಅಲ್ಲ, ಸ್ಪಾಫರ್ತನದರಲ್ಲಿಯೇ! ತೆಳುವಾದ ಕೈಗವಸುಗಳನ್ನು ತೊಟ್ಟು, ವೇಗದ ಬೋಲರುಗಳಿಗೂ ಸ್ಟಂಪುಗಳ ಹತ್ತಿರವೇ ನಿಂತು, ಬೆನ್ನ ಹಿಂದೆ ಚೆಂಡನ್ನು ತಡೆಯಲು ಮತ್ತೊಬ್ಬನು ಬೇಡವೆಂದು ತೋರಿಸಿಕೊಟ್ಟವನು ಈ ಬ್ಲ್ಯಾಕ್‌ಹ್ಯಾಮನು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಆ ಜಗಳವೆಲ್ಲವೂ ಯಾರ ಕೈ ಮೇಲೆಂಬುದನ್ನು ಕುರಿತದ್ದು. ಯಾರು ಹೆಚ್ಚು ರನ್ನು ಗಳಿಸುವರೆಂಬ ಮಾತು ಅದರಲ್ಲಿ ಇರಲಿಲ್ಲ. ಅದೇ ಮರ್ಡಾಕನು 1884ರಲ್ಲಿ ಓವಲ್ ಮೈದಾನದಲ್ಲಿ 211 ರನ್ನು ಗಳಿಸಿ, ಟೆಸ್ಟ್ ಪಂದ್ಯಗಳ ಮೊತ್ತಮೊದಲ ದ್ವಿಶತಕದ ಕೀರ್ತಿಗೆ ಪಾತ್ರನಾದನು. ಇಂದಿನ ಆಯ್ಕೆಗಾರರಾಗಿದ್ದರೆ ಕೈಗವಸನ್ನು ಅವನಿಗೇ ತೊಡಿಸುತ್ತಿದ್ದರೋ ಏನೋ!

ತಕ್ಕಡಿಯನ್ನು ಮೊದಲು ವಾಲಿಸಿದವನು ಕೆಂಟ್ ಪ್ರಾಂತದ ಲೆಸ್ ಏಮ್ಸ್. 47 ಟೆಸ್ಟುಗಳಲ್ಲಿ ಎಂಟು ಶತಕ, ಸರಾಸರಿ ನಲವತ್ತಕ್ಕೂ ಮೇಲು. ಅಪ್ಪಟ ಕೀಪರನೆಂದು ಹೆಸರಾದ ಡಕ್‌ವರ್ತನು ಅವನ ಮುಂದೆ ಹಿಂದಾದನು. ಏಮ್ಸನ ಕೈಯೇನೂ ಸಾಮಾನ್ಯದ್ದಲ್ಲ. 1932ರ ಒಂದೇ ಋತುವಿನಲ್ಲಿ 64 ಮಂದಿಯನ್ನು ಸ್ಟಂಪ್ ಮಾಡಿದವನು. ಎರಡೂ ಗುಣಗಳು ಒಬ್ಬನಲ್ಲಿಯೇ ಕೂಡಿಬಂದುದರಿಂದ ತರುವಾಯದವರಿಗೆ ಕಷ್ಟವಾಯಿತು. ಏಮ್ಸನ ಬ್ಯಾಟನ್ನು ಎಲ್ಲರಿಂದಲೂ ಅಪೇಕ್ಷಿಸಿದರು. ಅವನ ಕೈ ಎಲ್ಲರಿಗೂ ಇರಲಿಲ್ಲ.

ಭಾರತದಲ್ಲಿ ಈ ಪ್ರಶ್ನೆಗೆ ಬೇರೆಯೇ ತೂಕವುಂಟು. ವೇಗದ ಬೋಲರಿಗೆ ಕೀಪರನು ಹಲವು ಗಜ ಹಿಂದೆ ನಿಲ್ಲುವನು; ಚೆಂಡನ್ನು ನೋಡಲು ಅವಕಾಶವಿರುತ್ತದೆ. ತಿರುಗುವ ಚೆಂಡಿಗೆ ಸ್ಟಂಪಿನ ಬಳಿಯೇ ಕುಳಿತಿರಬೇಕು; ಚೆಂಡು ನೆಲಕ್ಕೆ ತಾಕಿ ತಿರುಗುವ ಹೊತ್ತಿಗೆ ಬ್ಯಾಟ್ಸ್‌ಮನ್ನನ ಮೈಯೇ ಅದನ್ನು ಮರೆಮಾಡುವುದೂ ಉಂಟು. 1952ರಲ್ಲಿ ಮದರಾಸಿನಲ್ಲಿ ಭಾರತವು ತನ್ನ ಪ್ರಥಮ ಟೆಸ್ಟ್ ವಿಜಯವನ್ನು ಪಡೆದಾಗ ಕೀಪರ್ ಸೇನ್ ಅವರು ಇಂಗ್ಲೆಂಡಿನ ಐವರನ್ನು ಸ್ಟಂಪ್ ಮಾಡಿದ್ದರು. ಮಂಕಡ್ ಅವರ ವಿಕೆಟ್ಟುಗಳ ಸಂಖ್ಯೆಯನ್ನು ಹೇಳುವವರು ಈ ಐದನ್ನು ಹೇಳುವುದಿಲ್ಲ.

ಮೂಲ್ಕಿಯಲ್ಲಿ ಜನಿಸಿದ ಬುಧಿ ಕುಂದೆರನ್ ಅವರ ವೃತ್ತಾಂತವು ಈ ವಾದದ ಎರಡು ಅಲಗುಗಳನ್ನೂ ತೋರಿಸುತ್ತದೆ. ತಮ್ಹಾನೆಯವರಂಥ ನುರಿತ ಕೀಪರರಿದ್ದ ಕಾಲದಲ್ಲಿ, ರಣಜಿ ಪಂದ್ಯವೊಂದನ್ನೂ ಆಡದಿದ್ದ ಈ ಯುವಕರನ್ನು 1960ರಲ್ಲಿ ಟೆಸ್ಟಿಗೆ ಕರೆದರು. 1964ರ ಆದಿಯಲ್ಲಿ ಇಂಗ್ಲೆಂಡಿಗೆ ಎದುರಾಗಿ ಮದರಾಸಿನಲ್ಲಿ 192, ದೆಹಲಿಯಲ್ಲಿ 100, ಐದು ಟೆಸ್ಟುಗಳಲ್ಲಿ ಒಟ್ಟು 525 ರನ್ನು. ಆ ವರ್ಷವು ಮುಗಿಯುವುದಕ್ಕೆ ಮೊದಲೇ, ಆಸ್ಟ್ರೇಲಿಯದವರು ಬಂದಾಗ, ಕೈಗವಸುಗಳು ಇಂದ್ರಜಿತ್‌ಸಿಂಹಜಿಯವರ ಪಾಲಾದವು. 1967ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರೂ ಒಟ್ಟಿಗೆ ಆಡಿದಾಗ ಸ್ಟಂಪುಗಳ ಹಿಂದೆ ಇಂಜಿನಿಯರ್ ಅವರಿದ್ದರು. ಕುಂದೆರನ್ನರ ಕೈಗೆ ಹೊಸ ಚೆಂಡನ್ನು ಕೊಟ್ಟು ಬೋಲಿಂಗ್ ಆರಂಭಿಸಲು ಹೇಳಲಾಯಿತು. ಅದೇ ಅವರ ಹದಿನೆಂಟನೆಯ ಮತ್ತು ಕಡೆಯ ಟೆಸ್ಟು. ಅವರನ್ನು ಬ್ಯಾಟ್ಸ್‌ಮನ್ನರೆಂದು ಆರಿಸಬೇಕೋ ಕೀಪರರೆಂದು ಆರಿಸಬೇಕೋ ಎಂಬುದನ್ನು ಯಾರೂ ಕೊನೆಯವರೆಗೆ ತೀರ್ಮಾನಿಸಲೇ ಇಲ್ಲ. ಅದರ ನಷ್ಟವು ಮಾತ್ರ ಆಟಗಾರನದು.

ಇಂಜಿನಿಯರ್ ಅವರ ಹಿಂದೆ 1971 ಮತ್ತು 1974ರ ಇಂಗ್ಲೆಂಡ್ ಪ್ರವಾಸಗಳಲ್ಲಿ ಕಾದು ನಿಂತವರು ಸೈಯದ್ ಕಿರ್ಮಾನಿಯವರು. ಪ್ರಸನ್ನ, ಚಂದ್ರಶೇಖರರ ಚೆಂಡುಗಳಿಗೆ ಸ್ವಂತ ಪ್ರಾಂತದ ತಂಡದಲ್ಲಿಯೇ ಕೈ ಒಡ್ಡಿ ಪಳಗಿದ ಇವರು, 1976ರಿಂದ ಆಡಿದ 88 ಟೆಸ್ಟುಗಳಲ್ಲಿ 198 ಮಂದಿಯನ್ನು ಔಟು ಮಾಡಿದರು. ಅವರಲ್ಲಿ 38 ಮಂದಿ ಸ್ಟಂಪ್ ಆದವರು. ಇಂಥವರನ್ನೂ 1979ರ ಇಂಗ್ಲೆಂಡ್ ಪ್ರವಾಸಕ್ಕೆ ಬಿಟ್ಟರು. ಆ ವರ್ಷವೇ ಮರಳಿ ಬಂದು, ಮುಂಬಯಿಯಲ್ಲಿ ಆಸ್ಟ್ರೇಲಿಯಕ್ಕೆ ಎದುರಾಗಿ ಸಂಜೆಯ ಕಾವಲಿಗೆಂದು ಇಳಿದವರು ಅಜೇಯರಾಗಿ 101 ರನ್ನು ಗಳಿಸಿದರು.

ಮರುವರ್ಷದ ಫೆಬ್ರವರಿಯಲ್ಲಿ ಅದೇ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವದ ಟೆಸ್ಟು ಈ ವಾದದ ಇತಿಹಾಸದಲ್ಲಿ ವಿನೋದಕರವಾದ ಒಂದು ಅಧ್ಯಾಯ. ಇಂಗ್ಲೆಂಡಿನ ಕೀಪರ್ ಬಾಬ್ ಟೇಲರನು ಕೈಗಾರಿಕೆಯಲ್ಲಿ ಅಸಮಾನನು. ಬ್ಯಾಟಿನ ಸರಾಸರಿ ಹದಿನಾರು. ತನಗಿಂತ ಒಳ್ಳೆಯ ಬ್ಯಾಟ್ಸ್‌ಮನ್ನನಾದ ಆಲನ್ ನಾಟನ ಕಾರಣದಿಂದ, 1971ರಲ್ಲಿ ಒಂದು ಟೆಸ್ಟು ಆಡಿದ ಮೇಲೆ 1977ರವರೆಗೆ ಕಾದಿದ್ದವನು. ಆ ಪಂದ್ಯದಲ್ಲಿ ಆತನು ಹತ್ತು ಕ್ಯಾಚು ಹಿಡಿದನು. ಬ್ಯಾಟ್ ಮಾಡಲು ಬಂದಾಗ ಇಂಗ್ಲೆಂಡಿನ ಸ್ಥಿತಿ 58ಕ್ಕೆ ಐದು ವಿಕೆಟ್. ಆಮೇಲೆ ಅಂಪೈರರು ಕ್ಯಾಚ್ ಔಟೆಂದು ಬೆರಳೆತ್ತಿದರು; ಚೆಂಡು ಬ್ಯಾಟಿಗೆ ತಾಕಿಲ್ಲವೆಂದು ಮನಗಂಡ ನಾಯಕ ಗುಂಡಪ್ಪ ವಿಶ್ವನಾಥ್ ಅವರು ಆತನನ್ನು ಹಿಂದಕ್ಕೆ ಕರೆದರು. ಬೋಥಮನೊಡನೆ ಸೇರಿ ಟೇಲರನು 171 ರನ್ನುಗಳ ಜೊತೆಯಾಟ ನಡೆಸಿದನು. ತನ್ನದು 43 ಮಾತ್ರ. ಭಾರತವು ಹತ್ತು ವಿಕೆಟ್ಟುಗಳಿಂದ ಸೋತಿತು. ಬ್ಯಾಟು ಬಾರದವನೆಂದು ವರ್ಷಗಟ್ಟಲೆ ಹೊರಗಿಟ್ಟವನ ಬ್ಯಾಟೇ ಪಂದ್ಯವನ್ನು ತಿರುಗಿಸಿತು. ವಿಶ್ವನಾಥರ ಔದಾರ್ಯವನ್ನು ಅಂದು ದೂರಿದವರೂ ಇದ್ದರು, ದೂರದವರೂ ಇದ್ದರು.

1999ರಲ್ಲಿ ಹೀಲಿಯ ಸ್ಥಾನಕ್ಕೆ ಬಂದ ಗಿಲ್‌ಕ್ರಿಸ್ಟನು 96 ಟೆಸ್ಟುಗಳಲ್ಲಿ 17 ಶತಕಗಳನ್ನು ಬಾರಿಸಿದ ಬಳಿಕ ವಾದವು ಬಹುಮಟ್ಟಿಗೆ ಏಕಪಕ್ಷೀಯವಾಯಿತು. 2003ರ ವಿಶ್ವಕಪ್ಪಿನಲ್ಲಿ ಮತ್ತೊಬ್ಬ ಬ್ಯಾಟ್ಸ್‌ಮನ್ನನಿಗೆ ಎಡೆಯಾಗಲೆಂದು ರಾಹುಲ್ ದ್ರಾವಿಡ್ ಅವರಿಗೇ ಕೈಗವಸು ತೊಡಿಸಿದರು. ತಂಡವು ಅಂತಿಮ ಪಂದ್ಯವನ್ನು ಮುಟ್ಟಿತು. ಟೆಸ್ಟುಗಳಲ್ಲಿ ಗಿಲ್‌ಕ್ರಿಸ್ಟನ ಸ್ಟಂಪಿಂಗುಗಳು 37, ಧೋನಿಯವರು 90 ಪಂದ್ಯಗಳಲ್ಲಿ ಮಾಡಿದವು 38. ಗ್ರಿಮೆಟ್ ಮೊದಲಾದವರ ತಿರುಗುಚೆಂಡುಗಳಿಗೆ ಕುಳಿತ ಆಸ್ಟ್ರೇಲಿಯದ ಓಲ್ಡ್‌ಫೀಲ್ಡನು 54 ಪಂದ್ಯಗಳಲ್ಲಿಯೇ 52 ಮಂದಿಯನ್ನು ಸ್ಟಂಪ್ ಮಾಡಿ 1937ರಲ್ಲಿ ಟೆಸ್ಟ್ ಆಟವನ್ನು ಮುಗಿಸಿದನು. ಆ ಸಂಖ್ಯೆಯನ್ನು ಇದುವರೆಗೆ ಯಾರೂ ದಾಟಿಲ್ಲ.